ಹನ್ನೊಂದು ವರ್ಷದ ಕೇಮನ್ ಕೊಳ್ಳುವ ಮುಂಚೆ

ಪ್ರಶ್ನೆ: ನನಗೆ 44 ವರ್ಷ, ಬೆಂಗಳೂರಿನ ಜಯನಗರದಲ್ಲಿ ಮನೆ. ಕಾಲೇಜು ದಿನಗಳಿಂದ ಇದ್ದ ಆಸೆಯೊಂದು ಈಗ ಕೈಗೆಟುಕುವ ಹಾಗೆ ಕಾಣುತ್ತಿದೆ. 2014ರ ಪೋರ್ಷೆ ಕೇಮನ್ ಎಸ್ ಸ್ಪೋರ್ಟ್ಸ್ ಕಾರು, ಪಿಡಿಕೆ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಮೀಟರಿನಲ್ಲಿ 19,000 ಕಿ.ಮೀ., ಪಾಂಡಿಚೇರಿ ನೋಂದಣಿ. ನಾನು ಕೊಂಡರೆ ಮೂರನೇ ಮಾಲೀಕ. ‘ಗಾಡಿ ಓಡೇ ಇಲ್ಲ ಸರ್, ಬೇಸ್‌ಮೆಂಟಲ್ಲಿ ಕವರ್ ಹಾಕಿ ನಿಲ್ಸಿದ್ರು, ಹೊಸದೇ ಅಂದ್ಕೊಳ್ಳಿ’ ಅನ್ನುತ್ತಾರೆ ಮಾರುವವರು. ‘ಪೋರ್ಷೆ ಎಂಜಿನ್ನಲ್ಲಿ ಐಎಂಎಸ್ ಬೇರಿಂಗ್ ಹೋಗತ್ತೆ, ಅದು ಹೋದ್ರೆ ಎಂಜಿನ್ನೇ ಹೋಯ್ತು’ ಅಂತ ಒಬ್ಬ ಗೆಳೆಯ ಹೆದರಿಸಿದ್ದಾನೆ. ಇನ್ನೊಬ್ಬ, ತಗೊಂಡ ತಕ್ಷಣ ರೀಮ್ಯಾಪ್ ಮಾಡಿಸಿ (ಅಂದರೆ ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ), ಲೋಯರಿಂಗ್ ಸ್ಪ್ರಿಂಗ್ ಹಾಕಿಸಿ, 20 ಇಂಚಿನ ವೀಲು, ಫ್ರೀ ಫ್ಲೋ ಎಕ್ಸಾಸ್ಟ್ ಏರಿಸು ಅನ್ನುತ್ತಾನೆ. ಭಾನುವಾರ ಬೆಳಗಿನ ಜಾವ ಒಂದು ಸುತ್ತು, ವರ್ಷಕ್ಕೆರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್, ನನಗೆ ಬೇಕಿರುವುದು ಇಷ್ಟೇ. ‘ಇಷ್ಟು ದುಡ್ಡಿಗೆ ಹೊಸ ಕಾರೇ ಬರತ್ತಲ್ಲ’ ಅನ್ನುವುದು ಹೆಂಡತಿಯ ಮಾತು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಹೆದರಿಕೆಗಳಿವೆ. ಎಂಜಿನ್ ಒಡೆಯುತ್ತದೇನೋ ಅನ್ನುವುದು ಒಂದು, ದುಡ್ಡು ದಂಡವಾಗುತ್ತದೇನೋ ಅನ್ನುವುದು ಇನ್ನೊಂದು, ಕಾರು ಕೊಂಡೂ ಅದರ ಪೂರ್ತಿ ಸುಖ ಸಿಗುವುದಿಲ್ಲವೇನೋ ಅನ್ನುವುದು ಮೂರನೆಯದು. ನೀವು ಹೆದರಬೇಕಾದ ಜಾಗ ಮಾತ್ರ ಬೇರೆ. ‘ಗಾಡಿ ಓಡೇ ಇಲ್ಲ’ ಎಂದರಲ್ಲ, ನನಗೆ ಚಿಂತೆ ಹಚ್ಚಿದ್ದು ಆ ಮಾತು.

ಮೊದಲು ಐಎಂಎಸ್ ವಿಷಯ ಮುಗಿಸೋಣ. ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಕಾರಿನ ಕಥೆ. ಪೋರ್ಷೆಯ ಹಳೆಯ ವಾಟರ್‌ಕೂಲ್ಡ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಗೂ ಕ್ಯಾಮ್‌ಗಳಿಗೂ ನಡುವೆ ಇಂಟರ್‌ಮೀಡಿಯೆಟ್ ಶಾಫ್ಟ್ (ಐಎಂಎಸ್) ಅನ್ನುವ ಇನ್ನೊಂದು ಶಾಫ್ಟ್ ಇರುತ್ತಿತ್ತು. ಟೈಮಿಂಗ್ ಚೈನುಗಳು ಓಡುತ್ತಿದ್ದುದು ಅದರ ಮೇಲೆ. ಅದರ ಒಂದು ತುದಿಯ ಬೇರಿಂಗ್ ಸವೆದು ಒಡೆದರೆ ಚೈನ್ ಟೈಮಿಂಗ್ ತಪ್ಪಿ ಪಿಸ್ಟನ್‌ಗೆ ವಾಲ್ವ್ ಬಡಿಯುತ್ತದೆ, ಎಂಜಿನ್ ಅಲ್ಲಿಗೆ ಮುಗಿಯಿತು. 1997ರಿಂದ 2008ರವರೆಗಿನ ಬಾಕ್ಸ್‌ಸ್ಟರ್, ಮೊದಲ ಕೇಮನ್, ಅದೇ ಕಾಲದ ಸಾಮಾನ್ಯ 911ಗಳಲ್ಲಿ ಈ ತೊಂದರೆ ಇತ್ತು. 2009ರ ಮಾಡೆಲ್‌ನಿಂದ ಬಂದ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ನೀವು ನೋಡಿರುವುದು 981 ಅನ್ನುವ ತಲೆಮಾರು. 3.4 ಲೀಟರಿನ ಆರು ಸಿಲಿಂಡರ್, 325 ಅಶ್ವಶಕ್ತಿ, 7,800 ಆರ್‌ಪಿಎಂವರೆಗೆ ಹಾಡುತ್ತಾ ಏರುವ ಎಂಜಿನ್. ಇಲ್ಲದ ಬೇರಿಂಗ್ ಒಡೆಯುವುದು ಎಲ್ಲಿಂದ ಬಂತು? ಆ ಹೆದರಿಕೆಯನ್ನು ಇಲ್ಲಿಗೇ ಬಿಡಿ.

ಈಗ ನಿಂತ ಗಾಡಿಯ ವಿಷಯ. ಹನ್ನೊಂದು ವರ್ಷಕ್ಕೆ 19,000 ಕಿ.ಮೀ. ಅಂದರೆ ವರ್ಷಕ್ಕೆ 1,700 ಚಿಲ್ಲರೆ. ಕೇಳುವುದಕ್ಕೆ ಚಂದ. ಆದರೆ ಕಾರು ಉಪ್ಪಿನಕಾಯಿಯಲ್ಲ, ಮುಚ್ಚಿಟ್ಟಷ್ಟು ದಿನ ಕೆಡದೆ ಇರುವುದಕ್ಕೆ. ಟೈರಿನ ರಬ್ಬರು ನಿಂತಲ್ಲೇ ಗಟ್ಟಿಯಾಗುತ್ತದೆ. ಆಯಿಲ್ ಸೀಲು, ಸಸ್ಪೆನ್ಷನ್ ಬುಷ್ಷು ಒಣಗುತ್ತವೆ. ಬ್ರೇಕ್ ಆಯಿಲು ಗಾಳಿಯ ತೇವ ಕುಡಿಯುತ್ತದೆ. ಬೇಸ್‌ಮೆಂಟಿನ ಇಲಿಗೆ ವೈರಿನ ಮೇಲೆ ಬಲು ಪ್ರೀತಿ. ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷಕ್ಕೆ ಆಫ್ ಮಾಡುತ್ತಿದ್ದರೆ ಇನ್ನೂ ಕೆಟ್ಟದ್ದು, ಯಾಕೆಂದರೆ ಆಯಿಲು ಪೂರ್ತಿ ಬಿಸಿಯಾಗದೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಪ್ರತಿ ವರ್ಷ ಆಯಿಲ್ ಬದಲಿಸಿಕೊಂಡು 50,000 ಕಿ.ಮೀ. ಓಡಿದ ಕೇಮನ್ ಮತ್ತು ಕವರಿನಡಿ ಮಲಗಿದ್ದ 19,000ದ ಕೇಮನ್ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ನಾನು ಮೊದಲನೆಯದರ ಬಾನೆಟ್ಟಿನ ಮೇಲೆ ಕೈ ಇಡುತ್ತೇನೆ.

ಹಾಗೆಂದು ನಿಮ್ಮ ಗಾಡಿ ಬೇಡವೆಂದಲ್ಲ. ನೋಡಿ ತೆಗೆದುಕೊಳ್ಳಿ ಎನ್ನುತ್ತಿದ್ದೇನೆ.

ನೋಡುವುದು ಅಂದರೆ ಏನು? ಮೊದಲಿಗೆ 19,000 ನಿಜವೇ ಎಂದು ತಿಳಿಯಬೇಕು. ಮೀಟರ್ ತಿರುಗಿಸುವುದು ದುಬಾರಿ ಕಾರುಗಳಲ್ಲೂ ಉಂಟು. ಆದರೆ ಈ ಕಾರಿನ ಎಂಜಿನ್ ಕಂಪ್ಯೂಟರ್ ತಾನು ಒಟ್ಟು ಎಷ್ಟು ಗಂಟೆ ಓಡಿದೆ ಅನ್ನುವುದನ್ನು ಬೇರೆಯಾಗಿ ಬರೆದಿಟ್ಟುಕೊಂಡಿರುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಗ್ಯಾರೇಜಿಗೆ ಪರೀಕ್ಷೆಗೆ ಬಂದ ಒಂದು ಸ್ಪೋರ್ಟ್ಸ್ ಕಾರಿನ ಮೀಟರಿನಲ್ಲಿ 21,000 ಇತ್ತು. ಸ್ಕ್ಯಾನರ್ ಹಾಕಿದರೆ ಗಂಟೆ 1,900! ಭಾಗಿಸಿ ನೋಡಿ, ಗಂಟೆಗೆ ಸರಾಸರಿ 11 ಕಿ.ಮೀ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲೇ ಸಂಸಾರ ಹೂಡಿದ್ದರೂ ಆ ಲೆಕ್ಕ ಬರುವುದಿಲ್ಲ. ಮೀಟರ್ ತಿರುಗಿತ್ತು. ಕೊಳ್ಳಲು ಬಂದಿದ್ದವರು ಅಡ್ವಾನ್ಸ್ ಕೊಟ್ಟಾಗಿತ್ತು, ಅದನ್ನು ವಾಪಸು ಪಡೆಯಲು ನಾಲ್ಕು ತಿಂಗಳು ಓಡಾಡಿದರು. ಬೆಂಗಳೂರಿನ ಗಾಡಿಗೆ ಸರಾಸರಿ ಇಪ್ಪತ್ತರಿಂದ ಮೂವತ್ತು ಬಂದರೆ ನಾನು ನಂಬುತ್ತೇನೆ.

ಅದೇ ಕಂಪ್ಯೂಟರಿನಲ್ಲಿ ಓವರ್ ರೆವ್ ದಾಖಲೆಯೂ ಇರುತ್ತದೆ. ಎಂಜಿನ್ ತನ್ನ ಮಿತಿ ಮೀರಿ ತಿರುಗಿದ್ದನ್ನು ಆರು ಹಂತಗಳಲ್ಲಿ ಎಣಿಸಿ, ಯಾವ ಗಂಟೆಯಲ್ಲಿ ಆಯಿತು ಅನ್ನುವುದನ್ನೂ ಬರೆದಿಟ್ಟಿರುತ್ತದೆ. ಮೊದಲ ಒಂದೆರಡು ಹಂತದಲ್ಲಿ ಎಣಿಕೆ ಇದ್ದರೆ ಅಡ್ಡಿಯಿಲ್ಲ, ಯಾರೋ ಕಾರನ್ನು ಖುಷಿಯಾಗಿ ಓಡಿಸಿದ್ದಾರೆ ಅಷ್ಟೇ. ನಾಲ್ಕನೆಯದರಿಂದ ಮೇಲೆ ಇದ್ದರೆ ಕೈಬಿಡಿ. ಮ್ಯಾನುಯಲ್ ಗಾಡಿಯಲ್ಲಿ ಐದಕ್ಕೆ ಹಾಕುವ ಬದಲು ಮೂರಕ್ಕೆ ಹಾಕಿದಾಗ ಹೀಗಾಗುವುದು ಹೆಚ್ಚು. ಪಿಡಿಕೆ ಅಂಥ ತಪ್ಪಿಗೆ ಬಿಡುವುದಿಲ್ಲ. ಹಾಗಾಗಿ ಪಿಡಿಕೆ ಗಾಡಿಯಲ್ಲಿ ಮೇಲಿನ ಹಂತದ ಎಣಿಕೆ ಕಂಡರೆ ಅನುಮಾನ ಇನ್ನೂ ಜಾಸ್ತಿ ಆಗಬೇಕು.

ಇನ್ನು ನೀರು. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರ ವರ್ತುಲ ರಸ್ತೆ, ಯಮಲೂರು ಕಡೆಯ ಬಡಾವಣೆಗಳಲ್ಲಿ ಎಂತೆಂಥ ಕಾರುಗಳು ಮುಳುಗಿದವೆಂದು ನೀವೇ ನೋಡಿದ್ದೀರಿ. ಚೆನ್ನೈನಲ್ಲಿ 2015ರಲ್ಲೂ 2023ರಲ್ಲೂ ಅದೇ ಆಯಿತು. ಆ ಕಾರುಗಳೆಲ್ಲ ಗುಜರಿಗೆ ಹೋಗಲಿಲ್ಲ. ‘ಬೇಸ್‌ಮೆಂಟಲ್ಲಿ ನಿಂತಿತ್ತು’ ಅಂದಾಗ ಯಾವ ಬೇಸ್‌ಮೆಂಟು ಎಂದು ಕೇಳುವುದು ನನ್ನ ಅಭ್ಯಾಸ. ಪರೀಕ್ಷೆ ಸುಲಭ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಯಾರೂ ಪೂರ್ತಿ ಎಳೆಯುವುದಿಲ್ಲವಾದ್ದರಿಂದ ಅಲ್ಲಿ ಯಾರೂ ತೊಳೆದಿರುವುದಿಲ್ಲ. ಆ ಕೊನೆಯ ಒಂದಡಿಯಲ್ಲಿ ಬೇಳೆ ಕಟ್ಟಿನ ಬಣ್ಣದ ಗೆರೆಯೊಂದು ಕಂಡರೆ, ಮೂಗಿಗೆ ಹಿಡಿದರೆ ಕೆರೆಯ ಕೆಸರಿನ ವಾಸನೆ ಬಂದರೆ, ಅಲ್ಲಿಂದಲೇ ಎದ್ದು ಬನ್ನಿ. ಸೀಟಿನ ಕೆಳಗೆ ಕೈ ಹಾಕಿ ಬೋಲ್ಟುಗಳ ತುಕ್ಕು ನೋಡಿ. ಜೊತೆಗೆ ಹಿಂದಿನ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ನೋ ಕ್ಲೇಮ್ ಬೋನಸ್ ಯಾವ ವರ್ಷ ಸೊನ್ನೆಗೆ ಇಳಿದಿದೆ ನೋಡಿ. ಕ್ಲೇಮ್ ಆಗಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಲಿಫ್ಟ್ ಮೇಲೆ ಏರಿಸಿದಾಗ ಮುಂದಿನ ಬಂಪರಿನ ಎರಡೂ ಮೂಲೆಯ ಜಾಲರಿಯೊಳಗೆ ಟಾರ್ಚ್ ಬಿಡಿ. ಎಂಜಿನ್ ಸೀಟಿನ ಹಿಂದಿದ್ದರೂ ರೇಡಿಯೇಟರು, ಎಸಿ ಕಂಡೆನ್ಸರು ಇರುವುದು ಅಲ್ಲಿ. ನಮ್ಮ ಊರಿನ ಹೊಂಗೆ, ಮಳೆಮರದ ಎಲೆ ಅಲ್ಲಿ ಸೇರಿಕೊಂಡು ಮಳೆಗಾಲದಲ್ಲಿ ಕೊಳೆತು ಅಲ್ಯೂಮಿನಿಯಂ ತಿನ್ನುತ್ತದೆ. ಜಯನಗರದ ರಸ್ತೆಯಲ್ಲಿ ನಿಲ್ಲಿಸುವವರಿಗೆ ಇದನ್ನು ಒತ್ತಿ ಹೇಳುತ್ತೇನೆ, ಆರು ತಿಂಗಳಿಗೊಮ್ಮೆ ಆ ಎಲೆ ತೆಗೆಸಿ. ಬ್ರೇಕ್ ಕ್ಯಾಲಿಪರ್ ಕೆಂಪಾಗಿದ್ದರೆ ಕಬ್ಬಿಣದ ಡಿಸ್ಕು, ನಿಶ್ಚಿಂತೆ. ಹಳದಿಯಾಗಿದ್ದರೆ ಸೆರಾಮಿಕ್. ಅದರ ಅಂಚು ಒಡೆದಿದ್ದರೆ ಹೊಸದಕ್ಕೆ ಕೊಡಬೇಕಾದ ದುಡ್ಡಲ್ಲಿ ಒಂದು ಸಣ್ಣ ಕಾರೇ ಬರುತ್ತದೆ.

ಟೈರ್ ನೋಡುವಾಗ ಹೊರಮೈಯ ಗೆರೆ ಎಷ್ಟು ಆಳ ಉಳಿದಿದೆ ಎನ್ನುವುದನ್ನಷ್ಟೇ ನೋಡಬೇಡಿ. ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 1517 ಎಂದಿದ್ದರೆ 2017ರ ಹದಿನೈದನೇ ವಾರ ತಯಾರಾದದ್ದು. ನೀವು ಬರೆದ ಓಟದ ಲೆಕ್ಕದಲ್ಲಿ ಈ ಗಾಡಿಯ ಟೈರುಗಳು ನೋಡಲು ಹೊಸದರಂತೆ, ಮುಟ್ಟಿದರೆ ಕಟ್ಟಿಗೆಯಂತೆ ಇರುವ ಸಾಧ್ಯತೆ ಹೆಚ್ಚು. ಉಗುರಿನಲ್ಲಿ ಒತ್ತಿ ನೋಡಿ. ಆರು ವರ್ಷ ದಾಟಿದ ಟೈರಿನಲ್ಲಿ ಇಂಥ ಕಾರನ್ನು ಮಳೆಯಲ್ಲಿ ಓಡಿಸುವುದು ಪ್ರಾಣಕ್ಕೆ ಸಂಚಕಾರ. ಈ ಮಾತಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ನೋಂದಣಿಯ ವಿಷಯವನ್ನು ನೀವು ಒಂದು ಪದದಲ್ಲಿ ಮುಗಿಸಿದ್ದೀರಿ. ನಿಮ್ಮ ಒಟ್ಟು ಬಜೆಟ್ಟನ್ನೇ ಬದಲಾಯಿಸುವ ಸಂಗತಿ ಅದು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. ಅಂದರೆ ಕೋಟಿ ರೂಪಾಯಿಯ ಕಾರಿಗೆ ಸುಮಾರು 20 ಲಕ್ಷ. ಅದನ್ನು ಉಳಿಸಲೆಂದೇ ಇಂಥ ಕಾರುಗಳು ಪಾಂಡಿಚೇರಿಗೆ ಹೋಗಿ ನಂಬರ್ ಹಾಕಿಸಿಕೊಂಡು ಬರುತ್ತಿದ್ದವು. ಆದರೆ ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಇಲ್ಲಿಯ ನಂಬರ್ ಪಡೆಯಲೇಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ ಮೂವತ್ತು ಐಷಾರಾಮಿ ಕಾರು ಹಿಡಿಯಿತು, ಅದರಲ್ಲಿ ಪೋರ್ಷೆಗಳೂ ಇದ್ದವು. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ ನಿಜ, ಆದರೆ ಲೆಕ್ಕ ಶುರುವಾಗುವುದು ಕಾರು ಹೊಸದಾಗಿದ್ದಾಗಿನ ಬೆಲೆಯಿಂದ, ನೀವು ಕೊಟ್ಟ ಬೆಲೆಯಿಂದಲ್ಲ. ಪಾಂಡಿಚೇರಿ ಆರ್‌ಟಿಒದಿಂದ ಎನ್‌ಒಸಿ ತಂದುಕೊಡುವ ಹೊಣೆ ಮಾರುವವರದ್ದು ಎಂದು ಕರಾರಿನಲ್ಲೇ ಬರೆಸಿ. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ‘ಆಮೇಲೆ ಮಾಡ್ಸೋಣ ಸರ್’ ಎಂದು ಬಿಟ್ಟ ಕಾಗದಕ್ಕಾಗಿ ಎರಡು ವರ್ಷ ಅಲೆದವರನ್ನು ಬಲ್ಲೆ.

ಇನ್ನು ನಿಮ್ಮ ಎರಡನೇ ಗೆಳೆಯ. ಅವರ ಉತ್ಸಾಹ ನನಗೆ ಅರ್ಥವಾಗುತ್ತದೆ, ಆದರೆ ಅವರು ಹೇಳಿದ ನಾಲ್ಕರಲ್ಲಿ ಒಂದನ್ನೂ ಮೊದಲ ವರ್ಷ ಮಾಡಿಸಬೇಡಿ.

ರೀಮ್ಯಾಪ್ ತೆಗೆದುಕೊಳ್ಳೋಣ. ಟರ್ಬೊ ಇರುವ ಎಂಜಿನ್‌ಗೆ ಕಂಪ್ಯೂಟರಿನಲ್ಲಿ ಗಾಳಿಯ ಒತ್ತಡ ಏರಿಸಿದರೆ ಶಕ್ತಿ ಧಾರಾಳವಾಗಿ ಸಿಗುತ್ತದೆ. 981ಕ್ಕೆ ಟರ್ಬೊ ಇಲ್ಲ, ತನ್ನ ಉಸಿರನ್ನು ತಾನೇ ಎಳೆದುಕೊಳ್ಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ಸುಮಾರು ಹತ್ತನೇ ಒಂದು ಭಾಗ ತೆಳು. ಅಷ್ಟೇ ಪ್ರಮಾಣದಲ್ಲಿ ಎಂಜಿನ್ನಿನ ಶಕ್ತಿಯೂ ಇಳಿಯುತ್ತದೆ. ಅಂದರೆ ನಿಮ್ಮ 325 ಇಲ್ಲಿ ಮುನ್ನೂರರ ಒಳಗೆ. ರೀಮ್ಯಾಪ್ ಕೊಡುವ ಚೂರುಪಾರು ಈ ನಷ್ಟವನ್ನೂ ತುಂಬುವುದಿಲ್ಲ. ಅದೇ ಕಾರು ಇರುಂಗಾಟ್ಟುಕೋಟೈಗೆ ಇಳಿದಾಗ ಏನೂ ಮಾಡಿಸದೆಯೇ ಜಾಸ್ತಿ ಎಳೆಯುತ್ತದೆ. ಆದರೆ ಅಲ್ಲಿ ಗಾಳಿ ದಟ್ಟ, ಬಿಸಿಲು ಘೋರ, ಎಂಜಿನ್ನಿನ ಕಂಪ್ರೆಶನ್ 12.5, ಅಂದರೆ ಒಳಗೆಳೆದ ಗಾಳಿಯನ್ನು ಅಷ್ಟು ಪಟ್ಟು ಒತ್ತುತ್ತದೆ. ಇಲ್ಲಿ ಸುಮ್ಮನಿದ್ದ ಎಂಜಿನ್ ಅಲ್ಲಿ ನಾಕ್ ಆಗುವ, ಅಂದರೆ ಪೆಟ್ರೋಲು ತಾನಾಗಿಯೇ ಹೊತ್ತಿಕೊಂಡು ಒಳಗೆ ಬಡಿಯುವ ಅಪಾಯ ಹೆಚ್ಚು. ಇಗ್ನಿಷನ್ ಟೈಮಿಂಗ್ ಮುಂದಕ್ಕೆ ತಳ್ಳಿದ ರೀಮ್ಯಾಪ್ ಇದ್ದರೆ ಕಾರ್ಖಾನೆಯವರು ಬಿಟ್ಟಿದ್ದ ಸುರಕ್ಷಿತ ಅಂತರವನ್ನು ನೀವೇ ತಿಂದುಹಾಕಿದಂತೆ. ಪೋರ್ಷೆ ಈ ಎಂಜಿನ್ನಿಗೆ ಹೇಳಿರುವುದು 98 ಆಕ್ಟೇನ್, ಕನಿಷ್ಠ 95. ಟ್ರ್ಯಾಕಿಗೆ ಹೋಗುವಾಗ 100 ಆಕ್ಟೇನ್ ಪೆಟ್ರೋಲು ಹಾಕಿಸಿ, ಬೆಂಗಳೂರಿನ ಆಯ್ದ ಬಂಕ್‌ಗಳಲ್ಲಿ ಸಿಗುತ್ತದೆ. ಆ ದಿನದ ಮಟ್ಟಿಗೆ ಅದು ದುಂದಲ್ಲ.

ಲೋಯರಿಂಗ್ ಸ್ಪ್ರಿಂಗಿನ ಆಸೆ ಕಣ್ಣಿನದು. ಪಿಎಎಸ್‌ಎಂ (ಪೋರ್ಷೆಯ ಎಲೆಕ್ಟ್ರಾನಿಕ್ ಸಸ್ಪೆನ್ಷನ್) ಇರುವ ಗಾಡಿಯಾದರೆ ಕಾರ್ಖಾನೆಯವರೇ 10 ಮಿ.ಮೀ. ಇಳಿಸಿದ್ದಾರೆ. ಶಾಸ್ತ್ರದ ಪ್ರಕಾರ ರಸ್ತೆ ಉಬ್ಬು 10 ಸೆ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯ ಹಂಪ್‌ಗಳು ಎತ್ತರವನ್ನು ಉಳಿಸಿಕೊಂಡು ಅಗಲವನ್ನು ಮರೆತಿವೆ. ಇನ್ನೆರಡು ಸೆ.ಮೀ. ಇಳಿಸಿದರೆ ಮನೆಯ ರ‍್ಯಾಂಪೇ ಶತ್ರುವಾಗುತ್ತದೆ. ಅದಕ್ಕಿಂತ ದೊಡ್ಡ ಮಾತು, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬದಲಿಸದೆ ಸ್ಪ್ರಿಂಗ್ ಮಾತ್ರ ಗಿಡ್ಡ ಮಾಡಿದರೆ ಸಸ್ಪೆನ್ಷನ್ ಕೆಳಗೆ ಬಡಿಯುತ್ತದೆ. ತಿರುವಿನ ಮಧ್ಯೆ ಒಂದು ಗುಂಡಿ ಸಿಕ್ಕಿ ಹಾಗೆ ಬಡಿದರೆ ಹಿಂಚಕ್ರ ಹಿಡಿತ ಬಿಡುತ್ತದೆ. ಎಂಜಿನ್ ನಡುವಿನಲ್ಲಿರುವ ಕಾರು ಜಾರಲು ಶುರುಮಾಡಿದರೆ ಬುಗುರಿಯಂತೆ ಬೇಗ ತಿರುಗುತ್ತದೆ, ತಿದ್ದಿಕೊಳ್ಳಲು ಸಮಯ ಕಡಿಮೆ. 20 ಇಂಚಿನ ವೀಲಿನದ್ದೂ ಹೀಗೇ, ರಿಮ್ ಬಗ್ಗುವುದು ಹೆಚ್ಚುತ್ತದೆ. 19 ಇಂಚೇ ಈ ಕಾರಿಗೆ ಸರಿ, ಮುಂದೆ 235/40, ಹಿಂದೆ 265/40.

ಎಕ್ಸಾಸ್ಟ್ ಬಗ್ಗೆ ಕಾನೂನೇ ಉತ್ತರ ಕೊಡುತ್ತದೆ. ತಯಾರಕರ ವಿನ್ಯಾಸ ಬಿಟ್ಟು ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಖಚಿತಪಡಿಸಿದೆ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಹುಡುಕುವುದು ಇಂಥದ್ದನ್ನೇ. ಈ ಎಂಜಿನ್ನಿನ ಸ್ವಂತ ಸ್ವರವೇ ಕೇಳಲು ಸಾಕು.

ಹಾಗಾದರೆ ಇಂಥ ಕಾರನ್ನು ಹದ ಮಾಡುವುದು, ಸೆಟಪ್ ಅನ್ನುತ್ತಾರಲ್ಲ, ಅದು ಅಂದರೇನು? ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಜರ್ಮನ್ ಕಾರುಗಳ ಕೆಳಗೆ ಮಲಗಿ ನಾನು ಕಂಡುಕೊಂಡದ್ದು ಇಷ್ಟು: ಹತ್ತು ವರ್ಷ ದಾಟಿದ ಕಾರಿಗೆ ಕಾರ್ಖಾನೆಯಿಂದ ಬಂದ ದಿನದ ಹದವನ್ನು ವಾಪಸು ಕೊಡುವುದೇ ಸೆಟಪ್. ಕೊಂಡ ಬೆಲೆಯ ಹತ್ತನೇ ಒಂದು ಭಾಗ ಇದಕ್ಕೆಂದು ಮೊದಲೇ ತೆಗೆದಿಡಿ. ಪೋರ್ಷೆಗೆಂದೇ ‘ಎನ್’ ಗುರುತಿರುವ ನಾಲ್ಕು ಹೊಸ ಟೈರು, ಎಂಜಿನ್ ಆಯಿಲು, ಪಿಡಿಕೆಯ ಕ್ಲಚ್ ಆಯಿಲು, ಕೂಲೆಂಟು, ಬ್ರೇಕ್ ಆಯಿಲು, ಸತ್ತ ಬುಷ್ಷುಗಳು. ಎಂಜಿನ್ ಆಯಿಲ್ ಫಿಲ್ಟರ್ ಬಿಚ್ಚಿದಾಗ ಅದರ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಲು ಮೆಕ್ಯಾನಿಕ್‌ಗೆ ಹೇಳಿ. ಲೋಹದ ಮಿನುಗು ಕಂಡರೆ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆ ನೋಡಬೇಕು.

ಇಷ್ಟೆಲ್ಲ ಆದ ಮೇಲೆ ಅಲೈನ್‌ಮೆಂಟ್. ಇದಕ್ಕೆ ಅರ್ಧ ದಿನ ಕೊಡುವ ಜಾಗ ಹುಡುಕಿ. ಪೆಟ್ರೋಲು ತುಂಬಿಸಿ, ನಿಮ್ಮ ತೂಕದಷ್ಟನ್ನು ಡ್ರೈವರ್ ಸೀಟಿನ ಮೇಲಿಟ್ಟು ಅಳೆಯಬೇಕು. 1,350 ಕಿಲೊ ಕಾರಿನಲ್ಲಿ ಎಂಬತ್ತು ಕಿಲೊ ಒಂದೇ ಪಕ್ಕ ಕೂತರೆ ಕೋನಗಳು ಬದಲಾಗುತ್ತವೆ. ಹಿಂಚಕ್ರಗಳ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎರಡೂ ಕಡೆ ಒಂದೇ ಬರಬೇಕು. ಎಷ್ಟು ತಿರುಗಿಸಿದರೂ ಒಂದು ಕಡೆ ಅಳತೆಗೆ ಬರುತ್ತಿಲ್ಲ ಎಂದರೆ ಆ ಕಾರು ಎಲ್ಲೋ ಪೆಟ್ಟು ತಿಂದಿದೆ. ಹಾಗಾಗಿ ಈ ಅಳತೆಯನ್ನು ಕೊಳ್ಳುವ ಮುಂಚೆಯೇ ಒಮ್ಮೆ ಮಾಡಿಸಿದರೆ ಒಳ್ಳೆಯದು, ಹೊಸ ಪೇಂಟು ಮುಚ್ಚಿಟ್ಟಿದ್ದನ್ನು ಆ ಅಂಕಿಗಳು ಹೇಳಿಬಿಡುತ್ತವೆ.

ಟ್ರ್ಯಾಕಿನ ದಿನಕ್ಕೆ ಎರಡು ಮಾತು. ಇರುಂಗಾಟ್ಟುಕೋಟೈ 3.7 ಕಿ.ಮೀ., ಹನ್ನೆರಡು ತಿರುವು, ಬ್ರೇಕಿಗೆ ಬಿಡುವೇ ಇಲ್ಲ. ಡಾಟ್ 4 ಬ್ರೇಕ್ ಆಯಿಲು ಹೊಸದಿದ್ದಾಗ ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬೇಕು. ತೇವ ಕುಡಿದ ಮೇಲೆ ಅದು 155ರವರೆಗೂ ಇಳಿಯಬಹುದು. ಆಯಿಲು ಕುದ್ದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ನೆಲಕ್ಕೆ ಇಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಟೈರಿನ ಗಾಳಿ ಪ್ರತಿ 10 ಡಿಗ್ರಿ ಬಿಸಿಗೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ನಾಲ್ಕು ಸುತ್ತು ಮುಗಿಸಿ ಬಂದ ತಕ್ಷಣ ಅಳೆದು ಇಳಿಸಿ, ಸಂಜೆ ಮನೆಗೆ ಹೊರಡುವಾಗ ಮರೆಯದೆ ಮತ್ತೆ ತುಂಬಿಸಿ. ಕೊನೆಯ ಸುತ್ತು ಬ್ರೇಕ್ ಮುಟ್ಟದೆ ನಿಧಾನವಾಗಿ ಬನ್ನಿ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಬೇಡಿ. ರೇಸು, ವೇಗದ ಪರೀಕ್ಷೆ ಇವನ್ನು ನಮ್ಮ ಮೋಟಾರ್ ಪಾಲಿಸಿ ಹೊರಗಿಟ್ಟಿದೆ. ಅಲ್ಲಿ ಗೋಡೆಗೆ ತಾಗಿದರೆ ಖರ್ಚು ನಿಮ್ಮದೇ ಎಂದುಕೊಂಡು ಹೋಗಿ. ಮೊದಲ ಸಲ ಪಕ್ಕದಲ್ಲಿ ಕಲಿಸುವವರೊಬ್ಬರನ್ನು ಕೂರಿಸಿಕೊಳ್ಳಿ. ರೀಮ್ಯಾಪಿಗೆ ಎತ್ತಿಟ್ಟ ಹಣ ಅದಕ್ಕೆ ಸಾಕಾಗಿ ಮಿಗುತ್ತದೆ, ಸುತ್ತಿನ ಸಮಯ ಇಳಿಯುವುದೂ ಅದರಿಂದಲೇ.

ರಸ್ತೆಯಲ್ಲಿ ಈ ಕಾರಿನ ವೇಗ ಪರೀಕ್ಷಿಸುವ ಯೋಚನೆ ಬೇಡ. 2024ರ ಆಗಸ್ಟ್‌ನಿಂದ ಕರ್ನಾಟಕದಲ್ಲಿ ಗಂಟೆಗೆ 130 ಕಿ.ಮೀ. ದಾಟಿದರೆ ಎಫ್‌ಐಆರ್, ಈ ಕಾರಿಗೆ ಅದು ಎರಡನೇ ಗೇರಿನ ಆಸುಪಾಸಿನ ವೇಗ. ಭಾನುವಾರದ ಸುಖ ಬೇರೆಡೆ ಇದೆ. ಅರವತ್ತರಲ್ಲಿ ತಿರುವಿಗೆ ಇಳಿದಾಗ ಬೆನ್ನ ಹಿಂದಿನ ತೂಕ ನಿಮ್ಮ ಸೊಂಟದ ಸುತ್ತಲೇ ತಿರುಗಿದಂತಾಗುತ್ತದಲ್ಲ, ನಿಮ್ಮ ಮನೆಯವರ ಪ್ರಶ್ನೆಗೆ ಉತ್ತರ ಅದು. ಆ ದುಡ್ಡಿಗೆ ಬರುವ ಹೊಸ ಕಾರುಗಳಲ್ಲಿ ಅದು ಸಿಗುವುದಿಲ್ಲ. ಆದರೆ ಅವರ ಮಾತಲ್ಲೂ ನ್ಯಾಯವಿದೆ. ಮನೆಗೆ ಇರುವುದು ಇದೊಂದೇ ಕಾರು ಎಂದಾದರೆ ಕೊಳ್ಳಬೇಡಿ. ಪರೀಕ್ಷೆಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಪಕ್ಕದ ಸೀಟಿನಲ್ಲಿ ಕೂತು ನೋಡಲಿ.

ಹೋಗುವುದು ಬೆಳಗ್ಗೆಯೇ ಆಗಲಿ. ‘ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿ. ಹೋದೊಡನೆ ನಡುವಿನ ಎಕ್ಸಾಸ್ಟ್ ಕೊಳವೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮೊದಲೇ ಓಡಿಸಿದ್ದಾರೆ, ಇನ್ನೊಂದು ದಿನ ಬರುತ್ತೇವೆ ಎಂದು ಹೇಳಿ ಬನ್ನಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ ಹಿಂದೆ ನಿಂತು ನೋಡಿ. ಅಡ್ಡ ಮಲಗಿದ ಸಿಲಿಂಡರುಗಳಾದ್ದರಿಂದ ನಿಂತ ಗಾಡಿಯಿಂದ ಒಂದು ಗುಕ್ಕು ನೀಲಿ ಹೊಗೆ ಬಂದರೆ ಹೆದರಬೇಡಿ. ಒಂದು ನಿಮಿಷವಾದರೂ ಹೊಗೆ ನಿಲ್ಲದಿದ್ದರೆ, ಅಥವಾ ಬಿಸಿಯಾದ ಮೇಲೂ ಟಕಟಕ ಶಬ್ದ ಉಳಿದರೆ, ಈ ಗಾಡಿಯನ್ನು ಬಿಟ್ಟು ಇನ್ನೊಂದನ್ನು ಹುಡುಕಿ. ಹೊಗೆ ನಿಂತು ಎಂಜಿನ್ ಸಮವಾಗಿ ಉಸಿರಾಡುತ್ತಿದ್ದರೆ, ಅವತ್ತೇ ಗಾಡಿಯನ್ನು ಲಿಫ್ಟ್ ಇರುವ ಗ್ಯಾರೇಜಿಗೆ ತೆಗೆದುಕೊಂಡು ಹೋಗಿ.